ಪೆಣಕರ್ ಸಾಹೇಬರ ನಂಬಿಕೆ

ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಾನು ಕೆಲಸ ಮಾಡುವ ಕಾರು ಗ್ಯಾರೇಜಿನ ಧಣಿ ಎಲಿಜಾ ಪೆಣಕರ್, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಹೂದಿ. ಹೇಗಿದ್ದೀರಿ ಎಂದರೆ ‘ದೇವರಿಗೆ ಥ್ಯಾಂಕ್ಸು’ ಎನ್ನುತ್ತಾರೆ. ಎಂಜಿನ್ ಆಯಿಲು ಮುಖದ ಮೇಲೆ ಸುರಿದರೂ ಒರೆಸಿಕೊಂಡು ಅದನ್ನೇ ಅನ್ನುತ್ತಾರೆ. ನೀರು ಕುಡಿಯುವ ಮುಂಚೆ ಒಂದು ಮಂತ್ರ, ಬಾಳೆಹಣ್ಣಿಗೆ ಬೇರೊಂದು. ಅಷ್ಟರಲ್ಲಿ ನಾನು ಎರಡು ಹಣ್ಣು ನುಂಗಿರುತ್ತೇನೆ. ಶನಿವಾರ ಅವರ ಧರ್ಮದಲ್ಲಿ ದುಡಿಯಬಾರದ ದಿನ. ಶುಕ್ರವಾರ ಸೂರ್ಯ ಇಳಿಯುವ ಮುಂಚೆ ಬಾಗಿಲು ಹಾಕಿದರೆ ತೆಗೆಯುವುದು ಭಾನುವಾರವೇ. ಡಾಟ್‌ಕಾಮ್ ಹುಡುಗರು ‘ನಾಳೆ ಮೀಟಿಂಗಿದೆ ಅಂಕಲ್, ಕಾರು ಬೇಕೇ ಬೇಕು’ ಎಂದು ಗೋಗರೆದರೆ, ‘ಲೋಕ ನಡೆಸೋಕೆ ಒಬ್ಬನಿದ್ದಾನೆ ಕಣಪ್ಪ, ನಾಳೆ ನನಗೆ ರಜಾ’ ಎಂದು ನಗುತ್ತಾರೆ. ನನ್ನದು ಮುಂಗೋಪ. ಮೊನ್ನೆ ಬೈದ ಗಿರಾಕಿಯ ಮೇಲೆ ಸ್ಪ್ಯಾನರು ಬೀಸಿಬಿಟ್ಟೆ. ಗುರಿ ತಪ್ಪಿ ಕಿಟಕಿ ಗಾಜು ಒಡೆಯಿತು. ಇದೇ ಕೋಪಕ್ಕೆ ಮೂರು ಕಡೆ ಕೆಲಸ ಕಳೆದುಕೊಂಡವನು, ಇದೂ ಹೋಯಿತೆಂದು ಮಾರನೆಯ ಬೆಳಿಗ್ಗೆ ಸಾಮಾನು ಕಟ್ಟಿಕೊಳ್ಳಲು ಹೋದೆ. ಸಾಹೇಬರು ಗ್ಯಾರೇಜಿನ ಬೀಗದಕೈಯನ್ನು ನನ್ನ ಅಂಗೈಗೆ ಹಾಕಿ, ‘ನಾಳೆಯಿಂದ ನೀನೇ ಬಾಗಿಲು ತೆಗಿ’ ಎಂದರು. ‘ನನ್ನನ್ನ ನಂಬ್ತೀರಾ ಸಾರ್?’ ಎಂದೆ. ‘ನಿನ್ನೆ ನಾನು ಮಾಡಿದ ತಪ್ಪೆಲ್ಲ ಗೊತ್ತಿದ್ದೂ ದೇವರು ದಿನಾ ಬೆಳಿಗ್ಗೆ ನನ್ನ ಪ್ರಾಣ ನನಗೇ ವಾಪಸ್ ಕೊಡ್ತಾನಲ್ಲೋ ಸಿದ್ದರಾಜು. ಅವನು ನನ್ನ ನಂಬ್ತಾನೆ, ನಾನು ನಿನ್ನ ನಂಬಬಾರದೇನೋ?’ ಬೀಗದಕೈ ಸಮೇತ ಕೈ ಮುಗಿದೆ.