ಕಮಲಾಪುರದಲ್ಲಿ ತಪ್ಪಿಹೋದ ಒಂದು ಓಟು

ಚುನಾವಣೆ ಮುಗಿದ ಎರಡು ವಾರಕ್ಕೆ ಪರಿಶೀಲನಾ ಸಭೆಯ ಪತ್ರ ಬಂತು. ಮತಗಟ್ಟೆಗಳಲ್ಲಿ ಕೆಲಸ ಮಾಡಿದವರೆಲ್ಲ ಕಲಬುರಗಿಯಲ್ಲಿ ಸೇರಿ, ಎಲ್ಲ ಹೇಗೆ ನಡೆಯಿತೆಂದು ಹೇಳಬೇಕಿತ್ತು. ನಾನು ಹೈಸ್ಕೂಲು ಶಿಕ್ಷಕಿ. ಕಮಲಾಪುರದ ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ಒಂದು ಮತಗಟ್ಟೆಯ ಹೊಣೆ ನನ್ನದಾಗಿತ್ತು. ಪತ್ರ ಓದಿದ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಒಂದೇ ದಿನ ಹಾಲು ಎರಡು ಸಲ ಉಕ್ಕಿತು. ಎದುರಿಗೇ ನಿಂತಿದ್ದರೂ ನನಗೆ ಕಂಡಿರಲಿಲ್ಲ.

ನನ್ನ ತಲೆಯಲ್ಲಿದ್ದದ್ದು ಒಬ್ಬ ಮುದುಕಿ.

ಮತದಾನದ ದಿನ ಹನ್ನೊಂದರ ಸುಮಾರಿಗೆ ಆಕೆ ಬಂದಿದ್ದಳು. ಪಟ್ಟಿಯಲ್ಲಿ ಹೆಸರು ಹುಡುಕಿ ಗೆರೆ ಎಳೆಯುವ ಕೆಲಸ ನಮ್ಮ ಶಾಲೆಯವರೇ ಆದ ಗಣಿತದ ಸರ್ ಅವರದು. ಅವರು ಪಟ್ಟಿ ನೋಡಿ, "ನಿಮ್ಮ ಓಟು ಆಗ್ಯದ" ಎಂದರು.

"ಎಲ್ಲಿ ಆಗ್ಯದ್ರೀ? ನಾ ಈಗ ಬಂದೀನಿ" ಎಂದು ಆಕೆ ಎಡಗೈಯ ಬೆರಳನ್ನು ನನ್ನ ಮುಂದೆ ಚಾಚಿದಳು. ಶಾಯಿ ಇರಲಿಲ್ಲ. ಶಾಯಿ ಉಜ್ಜಿ ತೆಗೆದು ಮತ್ತೆ ಬರುವವರಿರುತ್ತಾರೆ, ಹುಷಾರು ಎಂದು ತರಬೇತಿಯಲ್ಲಿ ಹೇಳಿದ್ದರು. ಹಿಂದೆ ಉದ್ದ ಸಾಲು, ಪಕ್ಕದಲ್ಲಿ ಪಕ್ಷಗಳ ಏಜೆಂಟರ ಗದ್ದಲ. ಅಷ್ಟರಲ್ಲಿ ಮತಯಂತ್ರ ಸದ್ದಿಲ್ಲದೆ ನಿಂತುಬಿಟ್ಟಿತು.

"ಆಯೀ, ವರಾಂಡಾದಾಗ ಕೂಡ್ರಿ. ನೋಡಿ ಕರೀತೀನಿ" ಎಂದೆ.

ಕರೆಯಲಿಲ್ಲ. ಯಂತ್ರ ಸರಿಹೋಯಿತು, ಸಾಲು ಮುಂದೆ ಸರಿಯಿತು, ನಾನು ಮರೆತೇಬಿಟ್ಟೆ.

ಸಂಜೆ ಲೆಕ್ಕ ತಾಳೆ ನೋಡುವಾಗ ಗೊತ್ತಾಯಿತು. ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು, ಒಬ್ಬರ ಕೆಳಗೊಬ್ಬರು. ಗಂಡಂದಿರ ಹೆಸರು ಮಾತ್ರ ಬೇರೆ. ಬೆಳಿಗ್ಗೆಯೇ ಬಂದು ಓಟು ಹಾಕಿದವಳು ಇನ್ನೊಬ್ಬಳು. ರಿಜಿಸ್ಟರಿನಲ್ಲಿದ್ದ ಗುರುತಿನ ಚೀಟಿಯ ನಂಬರೂ ಅವಳದೇ. ಗೆರೆ ಬಿದ್ದದ್ದು ಮುದುಕಿಯ ಹೆಸರಿನ ಮೇಲೆ. ಇಂಥ ಹೊತ್ತಿಗೆಂದೇ ನನ್ನ ಚೀಲದಲ್ಲಿ ಕಾಗದದ ಮತಪತ್ರಗಳಿದ್ದವು. ಅಂಥವರಿಂದ ಒಂದರ ಮೇಲೆ ಗುರುತು ಹಾಕಿಸಿ ಬೇರೆ ಲಕೋಟೆಯಲ್ಲಿ ಇಡಬೇಕು. ಎದ್ದು ಹೊರಗೆ ಬಂದು ನೋಡಿದೆ. ವರಾಂಡಾದಲ್ಲಿ ಯಾರೂ ಇರಲಿಲ್ಲ. ಒಳಗೆ ಬಂದು, ವರದಿಯಲ್ಲಿ ವಿಶೇಷ ಘಟನೆಗಳ ಎದುರಿಗೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಸಭೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಸರ್ ಹೇಳಿದರು: "ಮೇಡಮ್, ಸುಮ್ನ ಯಾಕ ಕೆದರ್ತೀರಿ? ಗೆದ್ದವರು ಭಾಳ ಓಟಿಲೆ ಗೆದ್ದಾರ. ಒಂದು ಓಟಿಲೆ ಏನಾಗ್ತದ?"

ಹತ್ತು ನಿಮಿಷ ನನಗೂ ಹಾಗೇ ಅನ್ನಿಸಿತು. ಆಮೇಲೆ ಮತ್ತೆ ಅದೇ ಚಡಪಡಿಕೆ.

ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು "ಸುಗಮವಾಗಿ ನಡೀತು ಸರ್" ಎಂದು ಕೂಡುತ್ತಿದ್ದರು. ನನ್ನ ಸರದಿ ಬಂತು. ನಾನೂ ಅದನ್ನೇ ಹೇಳಲು ಬಾಯಿ ತೆರೆದೆ, ಬಂದದ್ದು ಮುದುಕಿಯ ಮಾತು. ನಡೆದದ್ದನ್ನೆಲ್ಲ ಹೇಳಿದೆ.

ಹಿರಿಯ ಅಧಿಕಾರಿ ಕೇಳಿದರು, "ಕಂಪ್ಲೇಂಟ್ ಏನರೆ ಬಂದದೇನ್ರೀ?"

"ಇಲ್ಲ ಸರ್."

"ಮತ್ತ?"

"ಕಂಪ್ಲೇಂಟ್ ಕೊಡಬಹುದಂತ ಆಕಿಗೆ ಗೊತ್ತಿಲ್ಲ ಸರ್."

ಅವರು, "ಬರದು ಕೊಡ್ರಿ" ಎಂದರು. ಗಣಿತದ ಸರ್ ಚಹಾಕ್ಕೂ ನಿಲ್ಲದೆ ಹೋದರು.

ಬರೆದು ಕೊಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಪಟ್ಟಿಯಲ್ಲಿನ ಹೆಸರು, ಓಣಿ ನೆನಪಿದ್ದವು. ವಿಚಾರಿಸಿದ್ದಕ್ಕೆ ಹೆದ್ದಾರಿಯ ಪಕ್ಕ ತೋರಿಸಿದರು. ಆಕೆ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಹಿಂದೆ ಕೂತಿದ್ದಳು.

ನಾನು ಯಾರೆಂದು ಹೇಳಿದೆ. ತಪ್ಪು ನಮ್ಮದೆಂದೂ ಹೇಳಿದೆ. ಆಕೆ ಹಣ್ಣಿನ ಮೇಲಿನ ನೊಣ ಓಡಿಸುತ್ತ ಕೇಳಿದಳು.

"ಒಂದು ತಾಸು ಕುಂತಿದ್ನೆವ್ವಾ. ಯಾರೂ ಕರೀಲಿಲ್ಲ. ಮನಿಗಿ ಹೋದ್ರ ಓಣ್ಯಾಗ ಎಲ್ಲರೂ ಬೆರಳು ನೋಡಿದ್ರು. ಅತ್ಲಾಗಿನ ಪಾರ್ಟಿಯವರ ಕಡಿಂದ ಸೀರಿ ಇಸ್ಕೊಂಡು ಓಟು ಹಾಕದ ಬಂದಾಳ ಅಂದ್ರು. ನನ್ನ ತಂಗಿನೇ ಮಾತು ಬಿಟ್ಟಾಳ."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನಾನು ನನ್ನ ವರದಿಯ ಬಗ್ಗೆಯೇ ಚಿಂತಿಸಿದ್ದೆ. ತಡವರಿಸುತ್ತ ಕಾಗದದ ಮತದ ವಿಷಯ ಹೇಳಿದೆ. ಅದನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ ಎಂದೂ ಹೇಳಿದೆ.

"ಎಣಸಲಿ, ಬಿಡಲಿ. ನಾ ಹಾಕಿದಂಗರೆ ಆಗ್ತಿತ್ತು" ಎಂದಳು. ಆಮೇಲೆ ಪಕ್ಕದ ಅಂಗಡಿಯವಳಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ ಎದ್ದಳು. "ನಡೀರಿ ಅಕ್ಕೋರೇ, ಇದನ್ನ ಓಣ್ಯಾಗ ಬಂದು ಹೇಳ್ರಿ."

ಹೋದೆ. ನಳದ ಹತ್ತಿರ ಐದಾರು ಹೆಂಗಸರಿದ್ದರು. ಅವರಲ್ಲಿ ತಂಗಿಯೂ ಇದ್ದಳು. ಇವರು ಅಂದು ಬಂದಿದ್ದರು, ತಪ್ಪು ನಮ್ಮಿಂದ ಆಯಿತು ಎಂದು ಶುರುಮಾಡಿದೆ.

"ಜೋರಾಗಿ ಹೇಳ್ರಿ" ಎಂದಳು ಮುದುಕಿ.

ತರಗತಿಯ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ತಂಗಿ ಕೊಡ ಕೆಳಗಿಟ್ಟು ಅಕ್ಕನ ಮುಖ ನೋಡಿದಳು. ಇನ್ನೊಬ್ಬಳು ಕೇಳಿದಳು, "ಹಂಗಾರ ಈಕಿ ಓಟು ಈಗ ಹಾಕಸ್ತೀರೇನು?"

"ಇಲ್ಲವ್ವಾ, ಆಗಂಗಿಲ್ಲ" ಎಂದೆ.

"ಮತ್ಯಾಕ ಬಂದೀರಿ?"

ಮುದುಕಿಯೇ, "ಬಂದಾರಲ್ಲ, ಬಿಡು" ಎಂದು ನನ್ನನ್ನು ಕರೆದುಕೊಂಡು ರಸ್ತೆಗೆ ನಡೆದಳು.

ಮರುವಾರ ನನಗೂ ಗಣಿತದ ಸರ್‌ಗೂ ವಿವರಣೆ ಕೇಳಿ ನೋಟಿಸು ಬಂತು. ಸಭೆಯ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದ ಸರ್ ಅಂದು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಆಕಿನ್ನ ನೋಡ್ಲಿಕ್ಕೆ ಹೋಗಿದ್ರಂತ. ಏನಂದಳು?"

ಸೀರೆಯ ಮಾತು, ತಂಗಿಯ ಮಾತು ಹೇಳಿದೆ. ಅವರು ಕುರ್ಚಿ ಎಳೆದು ಕೂತು, ನೋಟಿಸನ್ನು ಮತ್ತೊಮ್ಮೆ ಮೊದಲಿಂದ ಓದಿದರು. ಮರುದಿನ ತಮ್ಮ ಉತ್ತರ ತಂದು, "ಕನ್ನಡ ಸರಿ ಅದೇನು ನೋಡ್ರಿ" ಎಂದರು. ಗೆರೆ ತಪ್ಪಾಗಿ ಎಳೆದದ್ದು ತಾವೇ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು.

ಎರಡೂ ಉತ್ತರಗಳು ಹೋಗಿವೆ. ಏನು ಮಾಡುತ್ತಾರೆಂದು ಇನ್ನೂ ತಿಳಿದಿಲ್ಲ. ಶಾಲೆಗೆ ಟಪಾಲು ಬಂದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತೇವೆ.