ಕೆಚ್ಚಲು ಬಾವೂ ಸಂಜೆಯ ಚಹಾವೂ

ಮೊನ್ನೆ ನೀರಿನ ಕೊಡದೊಳಗೆ ಕೈ ಹಾಕಿದೆ, ಬೆರಳು ಜಾರಿತು. ಒಳಗೆಲ್ಲ ತೆಳ್ಳಗೆ ಲೋಳೆ ಹತ್ತಿತ್ತು. ಒಂಟಿ ಮನುಷ್ಯನ ಮನೆಯಲ್ಲಿ ಒಂದು ಕೊಡ ನೀರು ಮೂರು ದಿನ ಬರುತ್ತದೆ; ಕೊಡ ತಿಕ್ಕಬೇಕೆಂಬ ನೆನಪು ಎಂಟು ದಿನಕ್ಕೊಮ್ಮೆ ಬರುತ್ತದೆ. ನಾನು ದನದ ಡಾಕ್ಟರು, ಊರವರಿಗೆಲ್ಲ ಸ್ವಚ್ಛತೆಯ ಉಪದೇಶ ಮಾಡುವವನು. ನಗಬೇಡಿ.

ಆ ಲೋಳೆ ಬರೀ ಕೊಳೆಯಲ್ಲ. ಸೂಕ್ಷ್ಮಜೀವಿಗಳು ತಮ್ಮ ಸುತ್ತ ತಾವೇ ಕಟ್ಟಿಕೊಂಡ ಮನೆ ಅದು. ಪುಸ್ತಕದಲ್ಲಿ ಬಯೋಫಿಲ್ಮ್ ಅನ್ನುತ್ತಾರೆ. ಆಕಳ ಕೆಚ್ಚಲಿನೊಳಗೂ ಹೀಗೆ ಮನೆ ಕಟ್ಟಿಕೊಂಡು ಕೂತರೆ ಕೆಚ್ಚಲು ಬಾವು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಔಷಧಿ ಹೊರಬಾಗಿಲ ತನಕ ಹೋಗಿ ಸೋಲುತ್ತದೆ. ಒಳಗಿನವು ಒಟ್ಟಿಗೆ ಆರಾಮಾಗಿರುತ್ತವೆ. ಕಣ್ಣಿಗೆ ಕಾಣದ ಜೀವಕ್ಕೂ ಕೂಡಿ ಬಾಳುವುದು ಗೊತ್ತಿದೆಯಲ್ಲ ಎಂದು ನನಗೆ ಆಗಾಗ ಹೊಟ್ಟೆಕಿಚ್ಚಾಗುತ್ತದೆ.

ಹನ್ನೆರಡು ವರ್ಷದ ಹಿಂದೆ ನಾನು ಕೊಡ್ಲಿ ಎಂಬ ಊರಿನಲ್ಲಿದ್ದೆ. ಒಂದು ಬಾಡಿಗೆ ಖೋಲಿ, ಒಂದು ಸ್ಟೋವ್. ಮದುವೆಯ ಮಾತು ಬಂದಾಗಲೆಲ್ಲ ನನಗೆ ವರ್ಗವಾಗುತ್ತಿತ್ತು. ಆಮೇಲೆ ಮಾತು ನಿಂತು ವರ್ಗವಷ್ಟೇ ಬರತೊಡಗಿತು. ಹಗಲೆಲ್ಲ ದನಗಳ ಜೊತೆ, ಸಂಜೆ ಗೋಡೆಗಳ ಜೊತೆ. ಆಗ ಅದೇ ಊರಿನ ಶರಣಮ್ಮ ಎಂಬವರ ಮನೆಯಿಂದ ಕರೆ ಬಂತು. ನನ್ನ ತಾಯಿಯ ವಯಸ್ಸಿನವರು. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹಾಲಿಗೆ ಒಂದೇ ಆಕಳು. ಅದರ ಒಂದು ಮೊಲೆ ಬಾತು ಗಟ್ಟಿಯಾಗಿತ್ತು.

ನಮ್ಮ ಕಡೆ ಇದನ್ನು ಪರೀಕ್ಷಿಸಲು ಯಂತ್ರವೇನೂ ಬೇಕಿಲ್ಲ. ಅಂಗಳದ ಶಹಾಬಾದಿ ಫರಸಿಯ ಮೇಲೆ ಎರಡು ಸಲ ಹಾಲು ಹಿಂಡಿದರೆ ಸಾಕು. ಆ ಕಪ್ಪನೆಯ ಹಾಸುಗಲ್ಲಿನ ಮೇಲೆ ಹಾಲು ಸಾಫಾಗಿ ಹರಿದರೆ ಗುಣ; ಒಡೆದ ಮೊಸರಿನಂತೆ ಗಡ್ಡೆ ನಿಂತರೆ ಬಾವು ಇನ್ನೂ ಇದೆ. ದಿನಾ ಸಂಜೆ ಹಿಂಡಿ ನೋಡುತ್ತಿದ್ದೆ, ಮೊಲೆಯೊಳಗೆ ಔಷಧಿಯ ಟ್ಯೂಬು ಏರಿಸುತ್ತಿದ್ದೆ. ಆ ಮೊಲೆ ಉಳಿಯುವುದಿಲ್ಲವೆಂದು ಒಂದು ವಾರದಲ್ಲಿ ನನಗೆ ತಿಳಿಯಿತು. ಅದೊಂದನ್ನು ಬತ್ತಿಸಿ, ಉಳಿದ ಮೂರರ ಹಾಲು ಹಿಂಡಿಕೊಳ್ಳಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. "ಇವತ್ತ ಜರಾ ಛಲೋ ಅದರಿ" ಎಂದೆ. ಮರುದಿನವೂ ಅದನ್ನೇ ಎಂದೆ. ಯಾಕೆಂದರೆ ಕೆಲಸ ಮುಗಿದ ಕೂಡಲೇ ಶರಣಮ್ಮ ಕಂಬಳಿ ಹಾಸಿ, "ಕುಂದ್ರಿ ಡಾಕ್ಟರ್ ಸಾಹೇಬ್ರ, ಚಾ ಕುಡುದೇ ಹೋಗ್ರಿ" ಅನ್ನುತ್ತಿದ್ದರು. ಗಟ್ಟಿ ಹಾಲಿನ ಚಹಾ, ಸುತ್ತ ಮಕ್ಕಳ ಗದ್ದಲ. ಚಿಕಿತ್ಸೆ ಮುಗಿದರೆ ಆ ಕಂಬಳಿಯನ್ನೂ ಮಡಚಿಡುತ್ತಾರೆ ಎಂಬ ಭಯ ನನಗೆ.

ಹೀಗೆ ಮೂರು ವಾರ. ಒಂದು ಸಂಜೆ ಬ್ಯಾಗಿನಿಂದ ಟ್ಯೂಬು ತೆಗೆದದ್ದೇ ಆಕಳು ಕಾಲು ಝಾಡಿಸಿತು. ಶರಣಮ್ಮ ನನ್ನ ಕೈ ತಡೆದರು.

"ಸಾಕು ಮಾಡ್ರಿ ಸಾಹೇಬ್ರ. ಆ ಮೊಲಿ ಹೋಗ್ಯಾದ. ಫರಸಿ ಮ್ಯಾಲಿನ ಗಡ್ಡಿ ನನಗೂ ಕಾಣಸ್ತಾವರಿ."

"ಮತ್ತ ಇಷ್ಟ ದಿನ ಯಾಕ ಸುಮ್ನಿದ್ರಿ ಅವ್ವ?"

"ನೀವು ಒಬ್ಬರೇ ಇರ್ತೀರಿ. ಬರೋದು ಬಿಡ್ತೀರೇನೋ ಅಂತ ಸುಮ್ನಿದ್ದೆ. ದಿನಾ ಬರ್ರಿ, ಚಾ ಕುಡೀರಿ. ಆಕಳಿಗಿ ಮಾತ್ರ ಮುಟ್ಟಬ್ಯಾಡ್ರಿ, ಪಾಪ, ಭಾಳ ತ್ರಾಸ ಪಡಾಕತ್ತದ."

ಆಗ ನನಗೆ ಇನ್ನೊಂದು ಹೊಳೆಯಿತು. ಔಷಧಿ ನಡೆದಷ್ಟು ದಿನ ಆ ಆಕಳ ಹಾಲನ್ನೆಲ್ಲ ಚೆಲ್ಲಬೇಕೆಂದು ನಾನೇ ಕಟ್ಟುನಿಟ್ಟಾಗಿ ಹೇಳಿದ್ದೆ. ಹಾಗಾದರೆ ನನ್ನ ಚಹಾಕ್ಕೆ ಹಾಲು ಎಲ್ಲಿಂದ ಬರುತ್ತಿತ್ತು? ಕೇಳಿದೆ. "ಬಾಜೂ ಮನಿಯಿಂದ ಒಂದು ವಾಟಿ ತರ್ತಿದ್ವಿ" ಎಂದರು. ಮೊಮ್ಮಕ್ಕಳು ಮೂರು ವಾರ ಕರಿ ಚಹಾ ಕುಡಿದಿದ್ದವು.

ನಾಚಿಕೆಗೆ ಮತ್ತೆ ಆ ಓಣಿಯ ಕಡೆ ಹೋಗಲಿಲ್ಲ. ಎಲ್ಲಿ ಎದುರಾಗುತ್ತಾರೋ ಎಂದು ದವಾಖಾನೆಗೂ ಸುತ್ತುದಾರಿ ಹಿಡಿದೆ. ಸೇಡಂಗೆ ವರ್ಗವಾದಾಗ ಹೇಳಿ ಹೋಗಲೂ ಮುಖವಿರಲಿಲ್ಲ. ಸುಳ್ಳು ಹೇಳಿದ್ದು ತಪ್ಪು ನಿಜ. ಆದರೆ ಬಾಯಿಬಿಟ್ಟು ದಿನಾ ಬಾ ಎಂದವರಿಂದ ಓಡಿಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಒಬ್ಬರ ಮನೆಗೆ ಹೋಗಲು ಅಲ್ಲೊಂದು ರೋಗವಿರಲೇಬೇಕು ಎಂದು ತಿಳಿದು ಇಷ್ಟು ವರ್ಷ ಒಬ್ಬನೇ ಕಳೆದೆ.

ಇಲ್ಲಿಯ ತನಕ ಬರೆದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಔಷಧಿಯ ಬ್ಯಾಗು ಬಿಟ್ಟು ಕೊಡ್ಲಿಯ ಬಸ್ಸು ಹತ್ತಿದೆ. ಉಳಿದದ್ದನ್ನು ವಾಪಸು ಬಂದು ಬರೆಯುತ್ತಿದ್ದೇನೆ.

ಶರಣಮ್ಮ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ. ನಾನು ಯಾರೆಂದು ಹೇಳಿದೆ. ಗಾಬರಿಯಾದರು.

"ದನಾ ಎಲ್ಲಾ ಆರಾಮ ಅದಾವಲ್ರಿ. ನಿಮಗ ಯಾರು ಕರದ್ರು?"

"ಯಾರೂ ಕರದಿಲ್ಲವ್ವ. ಏನೂ ಕೆಲಸ ಇಲ್ಲ. ಸುಮ್ನ ಬಂದೀನಿ."

ಅವರು ಕಟ್ಟೆಯ ಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರಿದರು.

"ಇಷ್ಟಕ್ಕ ಹನ್ನೆರಡ ವರ್ಷ ಬೇಕಾತೇನ್ರಿ? ಕುಂದ್ರಿ."