ತಮಟೆ ಬಡಿದ ಮರುದಿನದ ಹಾಜರಿ

ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ ಊರಲ್ಲಿ ತಮಟೆ ಬಡಿಯುತ್ತಿತ್ತು. "ನಾಳೆ ಎಲ್ರೂ ಮಕ್ಳನ್ನ ಇಸ್ಕೂಲ್‌ಗೆ ಕಳಿಸ್ಬೇಕು, ಛೇರ್ಮನ್ರು ಹೇಳವ್ರೆ" ಎಂದು ಊರಿನ ತೋಟಿ ಮೂಲೆ ಮೂಲೆಯಲ್ಲಿ ನಿಂತು ಕೂಗುತ್ತಿದ್ದ. ಬೆಳಗಾದರೆ ದನ ಕಾಯುವವರು, ಕೂಸು ಎತ್ತಿಕೊಂಡು ತಿರುಗುವವರು, ಹೊಸ ಮನೆಗಳ ಗಾರೆ ಕೆಲಸದಲ್ಲಿ ಮಣ್ಣು ಹೊರುವವರು, ಎಲ್ಲರೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಸಾಲಾಗಿ ಕೂರುತ್ತಿದ್ದರು. ಇನ್‌ಸ್ಪೆಕ್ಟರು ತಲೆ ಎಣಿಸಿ, ಕಾಫಿ ಕುಡಿದು, ಸಹಿ ಹಾಕಿ ಹೋಗುತ್ತಿದ್ದರು. ಮಾರನೆಯ ದಿನ ಅರ್ಧ ಶಾಲೆ ಖಾಲಿ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಬಸವೇಶ್ವರನಗರ ಇನ್ನೂ ಎದ್ದು ನಿಲ್ಲುತ್ತಿತ್ತು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು, ಸೈಟಿನ ಕಲ್ಲು ನೆಟ್ಟ ರಾಗಿ ಹೊಲಗಳ ನಡುವೆ ನಡೆದರೆ ನಮ್ಮ ಶಾಲೆಯ ಊರು. ಹೊಲಗಳನ್ನು ಬಡಾವಣೆಗೆಂದು ತೆಗೆದುಕೊಂಡಾಗಿತ್ತು. ಪಂಚಾಯಿತಿ ಹೋಗಿತ್ತು, ಕಾರ್ಪೊರೇಷನ್ ಬಂದಿರಲಿಲ್ಲ. ಪಂಚಾಯಿತಿಯ ಹಳೆಯ ಛೇರ್ಮನ್ನರು ಮಾತ್ರ ಅಧಿಕಾರ ಹೋದ ಮೇಲೂ ಊರಿಗೆ ಛೇರ್ಮನ್ನರಾಗಿಯೇ ಉಳಿದಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ಟರು ಮತ್ತು ನಾನು, ಇಬ್ಬರೇ. ನನಗೆ ಅದು ಮೊದಲ ನೌಕರಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಾಲ್ಕನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಾನು ಹಾಜರಿ ಕರೆಯುವಾಗ ಅವಳ ಹೆಸರು ನನ್ನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ "ಹಾಜರ್ ಟೀಚರ್!" ಎಂದು ಕಿರುಚುತ್ತಿದ್ದಳು. ನಾನು ಬೈದರೆ ನಗುತ್ತಿದ್ದಳು. ಮಗ್ಗಿ ಎಂದರೆ ಪ್ರಾಣ. ಹದಿನಾರರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೂ ಹೇಳುತ್ತಿದ್ದಳು, ಒಂದು ಕಡೆಯೂ ತಡವರಿಸದೆ. ಅಂಥ ಮಕ್ಕಳು ಪಾಠ ಹೇಳುವವರ ಪಾಲಿಗೆ ಅಪರೂಪ. ನನಗೆ ಅವಳ ಮೇಲೆ ಮೋಹವೇ ಇತ್ತು ಎನ್ನಬೇಕು.

ಅವಳ ಅಪ್ಪ ತೀರಿಹೋದ ಮೇಲೆ ಹುಡುಗಿ ಬರುವುದು ನಿಂತಿತು. ಮನೆಗೆ ಹೋಗಿ ನೋಡಿದೆ. ತಾಯಿಯೂ ಮಗಳೂ ಬಾಗಿಲ ಬೆಳಕಿಗೆ ಕೂತು ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದರು. ಹುಡುಗಿಯ ಅಂಗೈ ಇದ್ದಲ ಪುಡಿಯಿಂದ ಕಪ್ಪಾಗಿತ್ತು. ನನ್ನನ್ನು ಕಂಡು ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡಳು.

"ಏನ್ ಮಾಡಾನ ಅಕ್ಕಾವ್ರೇ, ನಾನೊಬ್ಳೇ ಹೊಸುದ್ರೆ ಹೊಟ್ಟೆಗೆ ಆಯ್ತದಾ?" ಎಂದಳು ತಾಯಿ.

ಚಿಕ್ಕ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಎಂಬ ಕಾನೂನಿತ್ತು. ಟ್ರೇನಿಂಗಿನಲ್ಲಿ ಅದನ್ನು ಬಾಯಿಪಾಠ ಮಾಡಿಸಿದ್ದರು. ಆ ಧೈರ್ಯದ ಮೇಲೆ ಛೇರ್ಮನ್ನರ ಮನೆಗೆ ಹೋದೆ. ತಮಟೆ ಬಡಿಸುವವರು ಅವರೇ ಆದ್ದರಿಂದ ಮನಸ್ಸು ಮಾಡಿದರೆ ಅವರಿಂದ ಆಗದ್ದಿಲ್ಲ ಎಂಬ ಲೆಕ್ಕಾಚಾರ ನನ್ನದು.

"ಕಾನೂನು ಮಾಡ್ದೋರು ಸರ್ಕಾರ್ದೋರು ಮೇಡಮ್ಮೋರೇ, ಅವ್ರೇ ಬಂದು ಎಳ್ಕೊಂಡ್ ಹೋಗ್ಲಿ. ನಾನ್ಯಾಕೆ ಆ ಹೆಂಗಸಿನ ಶಾಪ ಕಟ್ಕೊಳ್ಲಿ?" ಎಂದರು.

"ಮತ್ತೆ ಇನ್‌ಸ್ಪೆಕ್ಷನ್ ದಿನ ಮಾತ್ರ ಕಳಿಸ್ತೀರಲ್ಲ?"

"ಅವತ್ತು ಕಳಿಸ್ದೆ ಇದ್ರೆ ಇಸ್ಕೂಲೇ ಮುಚ್ಚೋಯ್ತದೆ. ಅದು ಊರಿನ ಮರ್ಯಾದೆ ಪ್ರಶ್ನೆ."

ರಾಜಾಜಿನಗರದ ಕಚೇರಿಗೂ ಹೋದೆ. ಅಲ್ಲಿ ಇನ್‌ಸ್ಪೆಕ್ಟರು ಫ್ಯಾನಿನ ಕೆಳಗೆ ಕೂತು ಸಮಾಧಾನವಾಗಿ ಹೇಳಿದರು, "ನೋಡಮ್ಮಾ, ಕಟ್ಟಡ ಕೊಟ್ಟಿದೀವಿ, ನಿಮ್ಮನ್ನ ಕೊಟ್ಟಿದೀವಿ. ಮಕ್ಕಳನ್ನ ಕರ್ಕೊಂಡು ಬಂದು ಕೂರಿಸೋದು ಊರಿನವರ ಜವಾಬ್ದಾರಿ. ನಿಮ್ಮೂರು ಈಗ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ತಿಳ್ಕೊಳಿ." ಇಬ್ಬರೂ ಚೆನ್ನಾಗಿ ಕೈ ತೊಳೆದುಕೊಂಡರು. ಬಸ್ಸಿನಲ್ಲಿ ವಾಪಸಾಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷದ ಇನ್‌ಸ್ಪೆಕ್ಷನ್ನಿಗೆ ತಮಟೆ ಬಡಿಯಿತು, ಹುಡುಗಿ ಬಂದಳು. ಕೈ ಉಜ್ಜಿ ಉಜ್ಜಿ ತೊಳೆದುಕೊಂಡಿದ್ದಳು, ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ತನ್ನ ಹಳೆಯ ಜಾಗದಲ್ಲೇ ಕೂತಳು. ಮಗ್ಗಿ ಯಾರಿಗೆ ಬರುತ್ತದೆ ಎಂದು ಇನ್‌ಸ್ಪೆಕ್ಟರು ಕೇಳಿದ್ದೇ ತಡ, ಎದ್ದು ನಿಂತು ಹದಿನಾರರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಇನ್‌ಸ್ಪೆಕ್ಟರು ಕಾಫಿ ಲೋಟ ಕೆಳಗಿಟ್ಟರು.

"ಭಾರಿ ಚೂಟಿ ಇದಾಳಲ್ರೀ! ಯಾರ ಮಗಳು?"

ನಾನು ಸಂತೋಷದಿಂದ ಮುಂದೆ ಬಂದೆ. ಇವಳೇ ಸಾರ್, ನಾನು ಕಚೇರಿಗೆ ಬಂದು ಹೇಳಿದ್ದು ಇವಳ ವಿಷಯವನ್ನೇ, ತಾಯಿಗೆ ಒಂದು ಮಾತು ಹೇಳಿ ದಿನಾ ಬರುವ ಹಾಗೆ ಮಾಡಿ ಎಂದೆ. "ಆಯ್ತಮ್ಮಾ, ಏನಾದ್ರೂ ಮಾಡೋಣ" ಎಂದರು. ಆಮೇಲೆ ಛೇರ್ಮನ್ನರೊಂದಿಗೆ ಹುಣಸೆ ಮರದ ಕೆಳಗೆ ನಿಂತು ಬಹಳ ಹೊತ್ತು ಮಾತಾಡಿದರು. ಕೊನೆಗೂ ಸರ್ಕಾರವೂ ಊರೂ ಒಂದಾದವಲ್ಲ ಎಂದು ನಾನು ಹಿಗ್ಗಿದೆ.

ಮುಂದಿನ ವಾರವೂ ಹುಡುಗಿ ಬರಲಿಲ್ಲ. ಮತ್ತೆ ಮನೆಗೆ ಹೋದೆ. ತಾಯಿ ಒಬ್ಬಳೇ ಹೊಸೆಯುತ್ತಿದ್ದಳು, ಆದರೆ ಮುಖದಲ್ಲಿ ಗೆಲುವಿತ್ತು.

"ನಿಮ್ ದೊಡ್ ಸಾಹೇಬ್ರ ಮನೇಲವ್ಳೆ ಅಕ್ಕಾವ್ರೇ, ರಾಜಾಜಿನಗರದಾಗೆ. ಛೇರ್ಮನ್ರೇ ಕರ್ಕೊಂಡೋಗಿ ಬುಟ್ರು. ಊಟ, ಬಟ್ಟೆ ಎಲ್ಲಾ ಅವ್ರುದೇ. ಮನೇಲಿ ಅಮ್ಮಾವ್ರಿಗೆ ಒಸಿ ಕೈಗಾಗ್ತಾಳೆ, ಅಷ್ಟೇಯ."

"ಶಾಲೆ?"

ಅವಳು ನನ್ನ ದಡ್ಡತನ ಕಂಡವಳಂತೆ ನಕ್ಕಳು. "ಎಲ್ಲಾ ಇಸ್ಕೂಲ್‌ಗೂ ಅವ್ರೇ ಯಜಮಾನ್ರಲ್ವಾ? ಅವ್ರ ಮನೇಲಿದ್ರೆ ಓದಿಸ್ದೆ ಇರ್ತಾರಾ?"

ಆ ತಾಯಿ ಮಗಳನ್ನು ಚಾಕರಿಗೆ ಕಳಿಸಿದ್ದೇನೆ ಎಂದುಕೊಂಡಿರಲೇ ಇಲ್ಲ. ಶಾಲೆಗಳ ಯಜಮಾನನ ಮನೆ ಎಂದರೆ ಶಾಲೆಗಿಂತ ದೊಡ್ಡ ಶಾಲೆ ಎಂದು ನಂಬಿ ಕಳಿಸಿದ್ದಳು. ನನಗೆ ಅವಳ ಮುಂದೆ ಅಳು ಬಂತು.

ಮರುದಿನವೇ ಕಚೇರಿಗೆ ಹೋಗಿ ಕೇಳಿದೆ. ಇನ್‌ಸ್ಪೆಕ್ಟರಿಗೆ ಸಂಕೋಚವೇನೂ ಇರಲಿಲ್ಲ. "ನೀವೇ ತಾನೇ ಏನಾದ್ರೂ ಮಾಡಿ ಅಂದಿದ್ದು? ಅಲ್ಲಿ ಮಸಿ ಕೈ ಮಾಡ್ಕೊಂಡು ಬಿದ್ದಿದ್ಲು. ನಮ್ಮ ಮಕ್ಕಳ ಜೊತೆ ನಾಲ್ಕಕ್ಷರ ಕಲೀತಾಳೆ ಬಿಡಿ. ನೀವು ದಿನಾ ಹಾಜರಿ ಹಾಕ್ಕೊಂಡು ಹೋಗಿ, ಶಾಲೆ ಸಂಖ್ಯೆ ಯಾಕೆ ಕಡಿಮೆ ಆಗ್ಬೇಕು?" ಎಂದರು. ನಾನು ಹಾಕುವುದಿಲ್ಲ ಎಂದೆ. ಬೇರೆ ಊರು ನೋಡಿಕೊಳ್ಳಬೇಕಾಗುತ್ತದೆ ಎಂದರು. ಅಂದಿನಿಂದ ಅವಳ ಹಾಜರಿಯನ್ನು ಹೆಡ್‌ಮಾಸ್ಟರೇ ಹಾಕುತ್ತಿದ್ದರು, ನನ್ನ ಮುಖ ನೋಡದೆ. ಪಾಪ, ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಎದುರು ನಿಲ್ಲುವ ಶಕ್ತಿ ಅವರಿಗಿರಲಿಲ್ಲ.

ಮರುವರ್ಷ ಮತ್ತೆ ತಮಟೆ ಬಡಿಯಿತು. ಬೆಳಿಗ್ಗೆ ಜೀಪು ಬಂದು ನಿಂತಿತು. ಇನ್‌ಸ್ಪೆಕ್ಟರ ಹಿಂದೆ ಕಾಫಿ ಫ್ಲಾಸ್ಕು ಹಿಡಿದುಕೊಂಡು ಹುಡುಗಿ ಇಳಿದಳು. ಎತ್ತರವಾಗಿದ್ದಳು. ಒಳ್ಳೆಯ ಫ್ರಾಕು, ಯಾರದೋ ಅಳತೆಯದು. ಉಗುರಿನ ಕಪ್ಪು ಹೋಗಿತ್ತು. ಪಾತ್ರೆ ತಿಕ್ಕುವವರ ಕೈಯಂತೆ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು.

"ನಿಮ್ಮ ಶಾಲೆ ಮಗು ಅಲ್ವಾ, ತಲೆ ಲೆಕ್ಕಕ್ಕೆ ಇರ್ಲಿ ಅಂತ ಕರ್ಕೊಂಡು ಬಂದೆ" ಎಂದರು ಇನ್‌ಸ್ಪೆಕ್ಟರು ನಗುತ್ತ.

ಬಾ, ಕೂತ್ಕೋ ಎಂದು ಅವಳ ಹಳೆಯ ಜಾಗ ತೋರಿಸಿದೆ. ಅವಳು ಕೂರಲಿಲ್ಲ, ಇನ್‌ಸ್ಪೆಕ್ಟರ ಕಡೆ ನೋಡಿದಳು. ಅವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನಿಂತೇ ಇದ್ದಳು. ಹದಿನಾರರ ಮಗ್ಗಿ ಹೇಳು ಎಂದು ಅವರೇ ಹುರಿದುಂಬಿಸಿದರು. "ಹದಿನಾರೊಂದ್ಲ ಹದಿನಾರು" ಎಂದು ಶುರುಮಾಡಿ, ನಾಲ್ಕಕ್ಕೆ ಬಂದು ನಿಂತಳು. "ಮರ್ತೋಯ್ತು ಅಯ್ಯಾವ್ರೇ" ಎಂದಳು. ಮಕ್ಕಳು ನಕ್ಕರು. ಅವಳು ಕಾಫಿ ಬಗ್ಗಿಸಿ ಎಲ್ಲರಿಗೂ ಕೊಟ್ಟು, ಖಾಲಿ ಲೋಟಗಳನ್ನು ತೆಗೆದುಕೊಂಡು ಹೊರಗಿನ ನಲ್ಲಿಗೆ ಹೋದಳು.

"ಹೆಸರು ಕರೀರಮ್ಮಾ, ಎಣಿಸ್ಕೋತೀನಿ" ಎಂದರು ಇನ್‌ಸ್ಪೆಕ್ಟರು.

ಹೆಡ್‌ಮಾಸ್ಟರು ಹಾಜರಿ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಇವತ್ತು ನೀವೇ ಹಾಕಿ. ಇವತ್ತು ಬಂದಿದಾಳಲ್ಲ" ಎಂದು ಪಿಸುಗುಟ್ಟಿದರು. ನಾನು ಒಂದೊಂದೇ ಹೆಸರು ಕರೆಯುತ್ತ ಹೋದೆ. ಹಾಜರ್ ಟೀಚರ್, ಹಾಜರ್ ಟೀಚರ್ ಎಂದು ಮಕ್ಕಳು ಕೂಗುತ್ತಿದ್ದರು. ಅವಳ ಹೆಸರು ಬಂತು. ಹೊರಗೆ ಕೇಳಿಸಲಿ ಎಂದು ಗಟ್ಟಿಯಾಗಿ ಕರೆದೆ.

ನಲ್ಲಿಯ ಸದ್ದು ನಿಂತಿತು.

"ಬಂದೆ ಅಮ್ಮಾವ್ರೇ" ಎಂದು ಓಡಿಬಂದು, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ, ಏನು ಕೆಲಸ ಹೇಳುತ್ತೇನೋ ಎಂದು ಬಾಗಿಲ ಹೊರಗೇ ನಿಂತಳು.